ಒಂದೇ ಲೈನ್, ಇಪ್ಪತ್ತೆಂಟು ಮೀಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಒಬ್ಬರದು ಅಪಾರ್ಟ್‌ಮೆಂಟ್ ಮೀಟರ್ ಗೋಳು, ಇನ್ನೊಬ್ಬರದು ಆಫೀಸಿನ ದೀಪ, ಮತ್ತೊಬ್ಬರದು ತಾರಸಿ ತೋಟ. ಕೇಳಿರುವುದು ಮಾತ್ರ ಹೆಚ್ಚುಕಮ್ಮಿ ಒಂದೇ. ಒಂದೇ ಲೈನ್‌ಗೆ ಹತ್ತಾರು ಸಾಧನ ಸೇರಿಸಿದಾಗ ಯಾರು ಎಲ್ಲಿದ್ದಾರೆ ಅಂತ ಕಂಟ್ರೋಲರ್‌ಗೆ ಹೇಗೆ ಗೊತ್ತಾಗುತ್ತದೆ? ಹಾಗಾಗಿ ಯುಪಿಎಸ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು 28 ಮನೆಗಳ ಅಪಾರ್ಟ್‌ಮೆಂಟ್. ಜನರೇಟರ್ ಯೂನಿಟ್ ಲೆಕ್ಕಕ್ಕೆ ಪ್ರತಿ ಮನೆಗೂ ಒಂದೊಂದು ಮೀಟರ್ ಇದೆ. ಎಲ್ಲವೂ ಶಾಫ್ಟ್ ಒಳಗಿನ ಕೇಬಲ್‌ನಲ್ಲಿ ಕೆಳಗಿನ ಆಫೀಸಿನಲ್ಲಿ ರೀಡಿಂಗ್ ಒಟ್ಟುಮಾಡುವ ಗೇಟ್‌ವೇಗೆ ಸೇರುತ್ತವೆ. ಮಳೆಗಾಲದಲ್ಲಿ 304ರ ಮೀಟರ್ ಸುಟ್ಟುಹೋಯಿತು, ಎಲೆಕ್ಟ್ರಿಷಿಯನ್ ಹೊಸದು ಹಾಕಿದರು. ಆವತ್ತಿನಿಂದ 304ರ ರೀಡಿಂಗ್ ಬರುತ್ತಿಲ್ಲ. ಅದಿರಲಿ, ಯಾವ ಸಂಬಂಧವೂ ಇಲ್ಲದ 101ರ ರೀಡಿಂಗ್ ಕೂಡ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಹೋದ ತಿಂಗಳು 101ರ ಮೀಟರ್ 8,412 ಯೂನಿಟ್‌ನಿಂದ 37ಕ್ಕೆ ಇಳಿದಿತ್ತು! ಸಪ್ಲೈ ಮಾಡಿದವರು ಗೇಟ್‌ವೇ ಹೋಗಿದೆ, ಬದಲಿಸಿ ಅನ್ನುತ್ತಾರೆ. ಬದಲಿಸಬೇಕಾ?
— ಸಂಘದ ಖಜಾಂಚಿ, ಜೆ.ಪಿ. ನಗರ

ಉತ್ತರ: ಬೇಡ. ದುಡ್ಡು ಉಳಿಸಿಕೊಳ್ಳಿ. ಆ 37 ಯೂನಿಟ್ 101ರದ್ದಲ್ಲ, 304ರ ಹೊಸ ಮೀಟರ್‌ದು. ಗೇಟ್‌ವೇ ತನಗೆ ಬಂದ ಉತ್ತರವನ್ನು ನಿಯತ್ತಾಗಿ ಬರೆದುಕೊಂಡಿದೆ, ಅಷ್ಟೇ.

ಶಾಫ್ಟ್ ಒಳಗೆ ಇಳಿದಿರುವುದು ಆರ್‌ಎಸ್-485 ಲೈನ್. ಎ, ಬಿ ಅಂತ ಎರಡು ತಂತಿ, ಒಂದಕ್ಕೊಂದು ಹೆಣೆದದ್ದು. ಒಂದು ಮೀಟರ್‌ನಿಂದ ಮುಂದಿನದಕ್ಕೆ, ಅಲ್ಲಿಂದ ಮುಂದಿನದಕ್ಕೆ ಹೀಗೆ ಸಾಗುತ್ತದೆ. ಅದರ ಮೇಲೆ ಆಡುವ ಭಾಷೆ ಮೋಡ್‌ಬಸ್. ಪ್ರತಿ ಮೀಟರ್‌ಗೂ 1ರಿಂದ 247ರೊಳಗೆ ಒಂದು ನಂಬರ್, ಅಂದರೆ ಅಡ್ರೆಸ್, ಕೊಟ್ಟಿರುತ್ತಾರೆ. ಮೇಷ್ಟ್ರು ಹಾಜರಿ ಕರೆದ ಹಾಗೆ ಗೇಟ್‌ವೇ ಒಂದೊಂದೇ ನಂಬರ್ ಕೂಗುತ್ತದೆ. ಎಲ್ಲ ಮೀಟರ್‌ಗಳಿಗೂ ಕೇಳಿಸುತ್ತದೆ, ಆ ನಂಬರಿನದು ಮಾತ್ರ ಬಾಯಿ ಬಿಡುತ್ತದೆ.

ಕೂಗುವುದು ಅಂದರೆ ಏನು ಅಂತ ಹತ್ತಿರದಿಂದ ನೋಡಿ. 01 03 00 00 00 02, ಆಮೇಲೆ ಎರಡು ಬೈಟ್ ಸಿಆರ್‌ಸಿ. ಒಟ್ಟು ಎಂಟು ಬೈಟ್. ಮೊದಲ 01 ಯಾರಿಗೆ ಅಂತ. 03 ಅಂದರೆ ರಿಜಿಸ್ಟರ್ (ಮೀಟರ್ ತನ್ನ ಅಂಕಿ ಇಟ್ಟುಕೊಳ್ಳುವ ಖಾನೆ) ಓದಿ ಹೇಳು ಅಂತ. ಮುಂದಿನ ಎರಡು ಬೈಟ್ ಎಲ್ಲಿಂದ ಓದಬೇಕು, ಆಮೇಲಿನ ಎರಡು ಎಷ್ಟು ರಿಜಿಸ್ಟರ್ ಅಂತ. ಕೊನೆಯ ಸಿಆರ್‌ಸಿ, ದಾರಿಯಲ್ಲಿ ಒಂದು ಬಿಟ್ ಕೆಟ್ಟರೂ ಹಿಡಿದುಕೊಡುವ ತಾಳೆ ಲೆಕ್ಕ. ಮೀಟರ್‌ನ ಉತ್ತರವೂ ಇದೇ ರೀತಿ: 01 03 04, ನಾಲ್ಕು ಬೈಟ್ ರೀಡಿಂಗ್, ಮತ್ತೆ ಸಿಆರ್‌ಸಿ. ಇದರಲ್ಲಿ ಫ್ಲ್ಯಾಟ್ ನಂಬರ್ ಎಲ್ಲಿದೆ? ಮೀಟರ್‌ನ ಸೀರಿಯಲ್ ನಂಬರ್ ಎಲ್ಲಿದೆ? ಎಲ್ಲೂ ಇಲ್ಲ. 01 ಅಂದರೆ 101ನೇ ಮನೆ ಅಂತ ಗೊತ್ತಿರುವುದು ಸಾಫ್ಟ್‌ವೇರ್‌ನ ಪಟ್ಟಿಗೆ ಮಾತ್ರ.

ಈಗ ಹೊಸ ಮೀಟರ್‌ಗೆ ಬನ್ನಿ. ಬಹುತೇಕ ಮೀಟರ್‌ಗಳು ಕಾರ್ಖಾನೆಯಿಂದ ಬರುವುದೇ 1ನೇ ಅಡ್ರೆಸ್ ಹೊತ್ತುಕೊಂಡು. ನಿಮ್ಮ ಎಲೆಕ್ಟ್ರಿಷಿಯನ್ ನಾಲ್ಕು ಪವರ್ ತಂತಿ, ಎರಡು ಸಿಗ್ನಲ್ ತಂತಿ ನೀಟಾಗಿ ಕಚ್ಚಿಸಿ ಹೋಗಿದ್ದಾರೆ. ಅವರ ಕೆಲಸದಲ್ಲಿ ಕುಂದಿಲ್ಲ, ಅಡ್ರೆಸ್ ಸೆಟ್ ಮಾಡಿ ಅಂತ ಅವರಿಗೆ ಯಾರೂ ಹೇಳಿಲ್ಲ. ನಿಮ್ಮಲ್ಲಿ ಮಹಡಿಗೆ ಏಳು ಮನೆ ಇದ್ದು, ನಂಬರ್ ಸಾಲಾಗಿ ಕೊಟ್ಟಿದ್ದರೆ 304ಕ್ಕೆ 18 ಬರಬೇಕು. ಗೇಟ್‌ವೇ 18 ಅಂತ ಕರೆದರೆ ಯಾರೂ ಓಗೊಡುವುದಿಲ್ಲ. 1 ಅಂತ ಕರೆದರೆ ಇಬ್ಬರು ಓಗೊಡುತ್ತಾರೆ.

ಇಬ್ಬರೂ ಒಟ್ಟಿಗೆ ಮಾತಾಡಿದರೆ ಸಿಗ್ನಲ್ ಕಲಸಿಹೋಗುತ್ತದೆ, ಸಿಆರ್‌ಸಿ ತಾಳೆಯಾಗುವುದಿಲ್ಲ, ಗೇಟ್‌ವೇ ಆ ಉತ್ತರವನ್ನು ಬಿಸಾಡುತ್ತದೆ. ಅದೇ ನಿಮ್ಮ ‘ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ’. ಆದರೆ ಎರಡು ಮೀಟರ್‌ಗಳ ಚುರುಕು ಒಂದೇ ಇರುವುದಿಲ್ಲ. ಹೊಸದು ಬೇಗ ಉತ್ತರ ಕೊಟ್ಟು ಮುಗಿಸಿಬಿಟ್ಟರೆ? 9600 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಒಂಬತ್ತು ಬೈಟ್ ಉತ್ತರಕ್ಕೆ ಸುಮಾರು ಹತ್ತು ಮಿಲಿಸೆಕೆಂಡ್ ಸಾಕು. ಹಳೆಯದು ಬಾಯಿ ತೆರೆಯುವ ಮೊದಲೇ ಅದು ಮುಗಿದಿದ್ದರೆ ಸಿಆರ್‌ಸಿ ಸರಿಯಾಗೇ ಇರುತ್ತದೆ. ಗೇಟ್‌ವೇಗೆ ಅನುಮಾನ ಬರಲು ಕಾರಣವೇ ಇಲ್ಲ. 101ರ ಖಾತೆಗೆ 37 ಬಿತ್ತು. ಹಳೆ ಮೀಟರ್ ತಡವಾಗಿ ಮಾತು ಶುರು ಮಾಡುವಷ್ಟರಲ್ಲಿ ಗೇಟ್‌ವೇ 2ನೇ ನಂಬರ್ ಕೂಗುತ್ತಿರಬಹುದು. ಹಾಗಾಗಿ 102ರ ರೀಡಿಂಗ್ ಕೂಡ ಆಗೊಮ್ಮೆ ಈಗೊಮ್ಮೆ ತಪ್ಪಿಹೋಗಿರಬೇಕು. ಲಾಗ್ ತೆಗೆದು ನೋಡಿ.

ಪರೀಕ್ಷೆ ಸುಲಭ. 304ರ ಮೀಟರ್‌ನಿಂದ ಎ, ಬಿ ತಂತಿ ಬಿಚ್ಚಿ. ಆ ಟರ್ಮಿನಲ್‌ನಲ್ಲಿ ಬಂದ ಜೋಡಿ, ಹೋಗುವ ಜೋಡಿ ಎರಡೂ ಇರುತ್ತವೆ, ಅವನ್ನು ಒಂದಕ್ಕೊಂದು ಸೇರಿಸಿ. ಇಲ್ಲದಿದ್ದರೆ ಆಚೆಗಿನ ಮನೆಗಳೆಲ್ಲ ಲೈನ್‌ನಿಂದ ಕಳಚಿಹೋಗುತ್ತವೆ. ಮೀಟರ್ ಪಕ್ಕದಲ್ಲೇ ಜೀವಂತ ಫೇಸ್ ಇರುತ್ತದೆ, ಆದ್ದರಿಂದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. 101 ತಕ್ಷಣ ಸರಿಹೋದರೆ ಕಳ್ಳ ಸಿಕ್ಕ ಹಾಗೆ.

ಆಮೇಲೆ ಹೊಸ ಮೀಟರ್‌ಗೆ 18 ಕೊಡಬೇಕು. ಗುಂಡಿ ಇರುವ ಮೀಟರ್ ಆದರೆ ಸೆಟಪ್ ಮೆನುವಿನಲ್ಲಿ ಅಡ್ರೆಸ್, ಬಾಡ್ ರೇಟ್, ಪ್ಯಾರಿಟಿ (ಪ್ರತಿ ಬೈಟ್‌ಗೆ ಸೇರಿಸುವ ತಾಳೆ ಬಿಟ್) ಮೂರೂ ಸಿಗುತ್ತವೆ. ಮೂರನ್ನೂ ನೋಡಿ, ಅಡ್ರೆಸ್ ಒಂದನ್ನೇ ಅಲ್ಲ. ಗುಂಡಿ ಇಲ್ಲದಿದ್ದರೆ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದು ಯುಎಸ್‌ಬಿ-485 ಕನ್ವರ್ಟರ್ ತರಿಸಿ, ಲ್ಯಾಪ್‌ಟಾಪ್‌ನಿಂದ ಬರೆಯಿರಿ. ಯಾವ ರಿಜಿಸ್ಟರ್‌ಗೆ ಬರೆಯಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಮೀಟರ್ ಜೊತೆ ಬಂದ ಹಾಳೆಯಲ್ಲಿರುತ್ತದೆ. ಆ ಹಾಳೆಯನ್ನು ಡಬ್ಬದ ಜೊತೆ ಎಸೆದಿರುತ್ತಾರೆ, ಅದು ಬೇರೆ ಮಾತು.

ಇಲ್ಲಿ ಒಂದು ಕಡೆ ಕೈ ತಡೆದುಕೊಳ್ಳಬೇಕು. ಮೋಡ್‌ಬಸ್‌ನಲ್ಲಿ 0 ಅನ್ನುವ ನಂಬರ್ ಎಲ್ಲರಿಗೂ ಸೇರಿದ್ದು. 0ಗೆ ಕಳಿಸಿದ ಅಪ್ಪಣೆಯನ್ನು ಎಲ್ಲರೂ ಪಾಲಿಸಬೇಕು, ಯಾರೂ ಉತ್ತರ ಕೊಡುವ ಹಾಗಿಲ್ಲ. ಮೀಟರ್‌ನ ಈಗಿನ ಅಡ್ರೆಸ್ ಗೊತ್ತಿಲ್ಲದವರು ‘ಹೇಗೂ ತಲುಪುತ್ತಲ್ಲ’ ಅಂತ 0ಗೆ ‘ನಿನ್ನ ಅಡ್ರೆಸ್ 18’ ಅಂತ ಬರೆಯುತ್ತಾರೆ. ಮೇಜಿನ ಮೇಲೆ ಒಂದೇ ಮೀಟರ್ ಇದ್ದಾಗ ಇದು ಸಲೀಸು ದಾರಿ. ಕಟ್ಟಡದ ಲೈನ್‌ಗೆ ಸಿಕ್ಕಿಸಿಕೊಂಡು ಹೀಗೆ ಮಾಡಿದರೆ, ಆ ಅಪ್ಪಣೆಯನ್ನು ಒಪ್ಪುವ ಎಲ್ಲ ಮೀಟರ್‌ಗಳೂ ಒಂದೇ ಏಟಿಗೆ 18 ಆಗಿಬಿಡುತ್ತವೆ. ಹೊರವರ್ತುಲ ರಸ್ತೆಯ ಒಂದು ಕಟ್ಟಡದಲ್ಲಿ ಹಾಗಾಗಿತ್ತು. ಅದನ್ನು ಬಿಡಿಸಲು ಬೇರೆ ಉಪಾಯವಿಲ್ಲ. ಮಹಡಿ ಮಹಡಿ ಹತ್ತಿ, ಒಂದೊಂದೇ ಮೀಟರ್ ಬಿಚ್ಚಿ, ಒಂದೊಂದಕ್ಕೇ ನಂಬರ್ ಕೊಟ್ಟುಕೊಂಡು ಬಂದೆವು. ಲಿಫ್ಟ್ ಅವತ್ತು ಕೆಟ್ಟಿತ್ತು ಅಂತ ಬೇರೆ ಹೇಳಬೇಕಾ?

ಖಜಾಂಚಿಗಳಿಗೆ ಮುಖ್ಯವಾದ ಮಾತು ಇನ್ನೊಂದಿದೆ. 101ರ ಮುಂದಿನ ಬಿಲ್ ಕೈಯಲ್ಲೇ ತಿದ್ದಿ. ಸಾಫ್ಟ್‌ವೇರ್ ಈ ತಿಂಗಳ ರೀಡಿಂಗ್‌ನಿಂದ ಹೋದ ತಿಂಗಳದ್ದನ್ನು ಕಳೆಯುತ್ತದೆ. ಹೋದ ತಿಂಗಳು 37, ಈ ತಿಂಗಳು ಸರಿಯಾದ 8,450 ಬಂತು ಅಂದುಕೊಳ್ಳಿ. 8,413 ಯೂನಿಟ್ ಡೀಸೆಲ್ ಕರೆಂಟ್‌ನ ಬಿಲ್ 101ರವರ ಬಾಗಿಲ ಕೆಳಗೆ ತೂರುತ್ತದೆ. ಆಮೇಲೆ ವಾಟ್ಸ್ಆ್ಯಪ್ ಗುಂಪಿನಲ್ಲಿ ನಿಮ್ಮ ಗತಿ ನೀವೇ ಊಹಿಸಿ.

ಮೀಟರ್‌ನ ಮೈಮೇಲೆ ಅಡ್ರೆಸ್ ಬರೆದ ಸ್ಟಿಕ್ಕರ್ ಹಾಕಿಸಿ. ಸಂಘದ ರಿಜಿಸ್ಟರ್‌ನಲ್ಲಿ ಮನೆ ನಂಬರ್, ಅಡ್ರೆಸ್, ಸೀರಿಯಲ್ ನಂಬರ್, ಹಾಕಿದ ತಾರೀಖು ನಾಲ್ಕು ಕಾಲಂ ಇರಲಿ. ಸಪ್ಲೈಯರ್ ಲ್ಯಾಪ್‌ಟಾಪ್‌ನಲ್ಲಿರುವ ಎಕ್ಸೆಲ್ ಶೀಟನ್ನು ದಾಖಲೆ ಅಂತ ನಾನು ಒಪ್ಪುವುದಿಲ್ಲ. ಆ ಹುಡುಗ ಕೆಲಸ ಬಿಟ್ಟ ದಿನ ಅದೂ ಹೋಯಿತು.

ಪ್ರಶ್ನೆ: ಪೀಣ್ಯದಲ್ಲಿ ಟ್ರೈನಿ ಆಗಿದ್ದೇನೆ. ಮೋಡ್‌ಬಸ್ ಸಾಫ್ಟ್‌ವೇರ್‌ನಲ್ಲಿ ‘ಸ್ಕ್ಯಾನ್’ ಒತ್ತಿದರೆ ಕಾಯುತ್ತಾ ಕೂರಬೇಕು. ಮೊಬೈಲ್ ವೈಫೈಗೆ ಸೇರಿದ ತಕ್ಷಣ ರೂಟರ್‌ಗೆ ಗೊತ್ತಾಗುತ್ತದಲ್ಲ. ಈ ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಸಾಧನ), ಟೆಂಪರೇಚರ್ ಕಂಟ್ರೋಲರ್‌ಗಳು ತಾವೇ ‘ನಾನಿದ್ದೇನೆ’ ಅಂತ ಯಾಕೆ ಹೇಳುವುದಿಲ್ಲ?

ಉತ್ತರ: ಹೇಳುವ ಹಕ್ಕೇ ಅವಕ್ಕಿಲ್ಲಪ್ಪ. ಮೋಡ್‌ಬಸ್ ಬಂದದ್ದು 1979ರಲ್ಲಿ, ಮಾಡಿಕಾನ್ ಕಂಪನಿ ತನ್ನ ಪಿಎಲ್‌ಸಿಗಳಿಗೆ, ಅಂದರೆ ಕಾರ್ಖಾನೆ ಯಂತ್ರ ನಡೆಸುವ ಕಂಟ್ರೋಲರ್‌ಗಳಿಗೆ, ಅಂತ ಮಾಡಿಕೊಂಡದ್ದು. ಕೇಳಿದಾಗ ಮಾತ್ರ ಮಾತಾಡು ಅನ್ನುವುದೇ ಅದರ ಮೂಲ ಕಟ್ಟಳೆ. ಹುಡುಕುವ ಏರ್ಪಾಡು ಅದರಲ್ಲಿ ಇಲ್ಲ. ನಿನ್ನ ಸ್ಕ್ಯಾನ್ ಗುಂಡಿ ಮಾಡುವುದು ಇಷ್ಟೇ: 1 ಇದ್ದೀಯಾ, ಸ್ವಲ್ಪ ಕಾಯಿ, 2 ಇದ್ದೀಯಾ, ಸ್ವಲ್ಪ ಕಾಯಿ.

ಆ ‘ಸ್ವಲ್ಪ ಕಾಯಿ’ಯಲ್ಲೇ ಎಲ್ಲ ಸಮಯ ಹೋಗುವುದು. ಟೈಮ್‌ಔಟ್ 200 ಮಿಲಿಸೆಕೆಂಡ್ ಇಟ್ಟರೆ 247 ನಂಬರ್‌ಗೆ ಸುಮಾರು 50 ಸೆಕೆಂಡ್. ಬಾಡ್ ರೇಟ್ ಗೊತ್ತಿಲ್ಲ, ನಾಲ್ಕು ಬಗೆ ನೋಡುತ್ತೇನೆ ಅಂದರೆ, ಜೊತೆಗೆ ಪ್ಯಾರಿಟಿ ಮೂರು ಬಗೆ, ಹನ್ನೆರಡು ಸುತ್ತು ಆಯಿತು. ಹತ್ತು ನಿಮಿಷ. ಟೈಮ್‌ಔಟ್ ಒಂದು ಸೆಕೆಂಡ್ ಇಟ್ಟಿದ್ದರೆ ಅದೇ ಕೆಲಸಕ್ಕೆ ಮುಕ್ಕಾಲು ಗಂಟೆ ಮೀರುತ್ತದೆ, ಊಟಕ್ಕೆ ಹೋಗಿ ಬಾ. ಹಾಗಂತ ಟೈಮ್‌ಔಟ್ ತೀರಾ ಇಳಿಸಬೇಡ. ನಿಧಾನದ ಸಾಧನಗಳು ಉತ್ತರ ಕೊಡುವಷ್ಟರಲ್ಲಿ ನೀನು ಮುಂದಿನ ನಂಬರ್ ಕೂಗಿರುತ್ತೀಯ, ಆಗ ಇದ್ದವರೂ ಇಲ್ಲದ ಹಾಗೆ ಕಾಣುತ್ತಾರೆ.

ಒಂದು ಚಿಕ್ಕ ಸಲಹೆ. ಸ್ಕ್ಯಾನ್ ಮಾಡುವಾಗ ಸರಿಯಾದ ರಿಜಿಸ್ಟರ್ ನಂಬರ್ ಗೊತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡ. ತಪ್ಪು ರಿಜಿಸ್ಟರ್ ಕೇಳಿದರೆ ಸಾಧನ ‘ಅದು ನನ್ನಲ್ಲಿಲ್ಲ’ ಅಂತ ಎಕ್ಸೆಪ್ಷನ್ ಕಳಿಸುತ್ತದೆ. ಫಂಕ್ಷನ್ ಕೋಡ್‌ಗೆ 128 ಸೇರಿಸಿ ವಾಪಸ್ ಕೊಡುತ್ತದೆ, ಅಂದರೆ 3 ಕೇಳಿದ್ದಕ್ಕೆ 131 ಬರುತ್ತದೆ. ಬೈದರೂ ಸರಿ, ಮಾತಾಡಿದ ಅಂದರೆ ಇದ್ದಾನೆ ಅಂತ ಲೆಕ್ಕ. ಕೆಲವು ಸ್ಕ್ಯಾನರ್‌ಗಳು ಇದನ್ನು ಎರರ್ ಅಂತ ತೋರಿಸಿ ಮುಂದೆ ಹೋಗುತ್ತವೆ. ಆ ಎರರ್‌ಗಳನ್ನು ಓದು. ಬರೀ ಟೈಮ್‌ಔಟ್ ಆದ ಸಾಲು ಬೇರೆ, ಎಕ್ಸೆಪ್ಷನ್ ಬಂದ ಸಾಲು ಬೇರೆ, ಸಿಆರ್‌ಸಿ ತಪ್ಪಿದ ಸಾಲು ಮತ್ತೂ ಬೇರೆ. ಒಂದೇ ನಂಬರ್‌ನಲ್ಲಿ ಮತ್ತೆ ಮತ್ತೆ ಸಿಆರ್‌ಸಿ ತಪ್ಪುತ್ತಿದ್ದು ಉಳಿದವು ಸರಿಯಿದ್ದರೆ ಅಲ್ಲಿ ಇಬ್ಬರು ಕೂತಿದ್ದಾರೆ ಅಂತ ಅನುಮಾನಿಸು.

247 ನಂಬರ್ ಇದೆ ಅಂತ ಒಂದೇ ಲೈನ್‌ಗೆ 247 ಸಾಧನ ಸುರಿಯುವ ಹಾಗಿಲ್ಲ ಅನ್ನುವುದೂ ಗೊತ್ತಿರಲಿ. ಆರ್‌ಎಸ್-485 ಲೆಕ್ಕದಲ್ಲಿ ಒಂದು ಲೈನ್ ಹೊರುವುದು 32 ಯೂನಿಟ್ ಲೋಡ್, ಅಂದರೆ 32 ಸಾಮಾನ್ಯ ಸಾಧನಗಳ ಭಾರ. ಈಗಿನ ಎಷ್ಟೋ ಚಿಪ್‌ಗಳು ಎಂಟನೇ ಒಂದು ಲೋಡ್‌ನವು, ಹಾಗಾಗಿ 256ರವರೆಗೆ ಎಳೆಯಬಹುದು. ಡೇಟಾಶೀಟ್ ನೋಡದೆ ನಂಬಬೇಡ.

ಪ್ರಶ್ನೆ: ನಮಸ್ಕಾರ ಮೇಡಂ. ಬೆಳ್ಳಂದೂರಿನ ಆಫೀಸೊಂದಕ್ಕೆ ಇಂಟೀರಿಯರ್ ಮಾಡಿದ್ದೇವೆ. ದೀಪಗಳೆಲ್ಲ ಡಾಲಿ, ಅಂದರೆ ಎರಡು ತಂತಿಯ ಡಿಜಿಟಲ್ ದೀಪ ನಿಯಂತ್ರಣದವು. ಫಾಲ್ಸ್ ಸೀಲಿಂಗ್ ರಿಪೇರಿಯಲ್ಲಿ ದೀಪಕ್ಕೆ ಕರೆಂಟ್ ಕೊಡುವ ಮೂರು ಡ್ರೈವರ್ ಬದಲಿಸಿದರು. ಟೆಕ್ನಿಷಿಯನ್ ಬಂದು ‘ಅಡ್ರೆಸಿಂಗ್’ ಮಾಡಿ ಹೋದರು. ಈಗ ಮೀಟಿಂಗ್ ರೂಂ ಸ್ವಿಚ್ ಒತ್ತಿದರೆ ಪ್ಯಾಂಟ್ರಿ ದೀಪ ಹೊತ್ತುತ್ತದೆ. ಮೂರು ದೀಪಕ್ಕೆ ಎಲ್ಲವೂ ಯಾಕೆ ಕಲಸಿತು? ಅಂದಹಾಗೆ ಈ ದೀಪಗಳಿಗೆ ನಂಬರ್ ಹಾಕುವ ಗುಂಡಿಯೇ ಇಲ್ಲ. ಮತ್ತೆ ಕಂಟ್ರೋಲರ್ ಅವನ್ನು ಹೇಗೆ ಹುಡುಕಿತು?

ಉತ್ತರ: ನಿಮ್ಮ ಎರಡನೇ ಪ್ರಶ್ನೆ ನನಗೆ ಬಲು ಇಷ್ಟವಾದದ್ದು. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಮೇಲೆ ಜೆ.ಪಿ. ನಗರದವರ ಕಥೆ ಓದಿದಿರಲ್ಲ. ಅಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಎಲ್ಲ ಕೆಟ್ಟಿತು. 485 ಲೈನ್‌ನಲ್ಲಿ ಮಾತಾಡುವವನು ತಂತಿಯ ವೋಲ್ಟೇಜನ್ನು ಎರಡೂ ಕಡೆಗೆ ಬಲವಾಗಿ ತಳ್ಳುತ್ತಾನೆ. ಒಬ್ಬ ಮೇಲಕ್ಕೆ, ಇನ್ನೊಬ್ಬ ಕೆಳಕ್ಕೆ ತಳ್ಳಿದರೆ ಉಳಿಯುವುದು ಕಸ. ಡಾಲಿಯಲ್ಲಿ ಹಾಗಲ್ಲ. ಅಲ್ಲಿ ಒಂದು ಪವರ್ ಸಪ್ಲೈ ಆ ಎರಡು ತಂತಿಯ ಮಧ್ಯೆ ಸುಮಾರು 16 ವೋಲ್ಟ್ ಇಟ್ಟಿರುತ್ತದೆ, 250 ಮಿಲಿಆಂಪ್ ಮೀರದ ಹಾಗೆ. ಮಾತಾಡುವುದು ಅಂದರೆ ಆ ಎರಡು ತಂತಿಯನ್ನು ಕ್ಷಣ ಕ್ಷಣ ಶಾರ್ಟ್ ಮಾಡಿ ಬಿಡುವುದು. ಒಬ್ಬ ಶಾರ್ಟ್ ಮಾಡಿದರೂ ವೋಲ್ಟೇಜ್ ಇಳಿಯುತ್ತದೆ, ನಲವತ್ತು ಜನ ಮಾಡಿದರೂ ಇಳಿಯುತ್ತದೆ. ಯಾರಿಗೂ ಪೆಟ್ಟಿಲ್ಲ. ಏನು ಹೇಳಿದರು ಅಂತ ಅರ್ಥವಾಗದಿದ್ದರೂ ‘ಯಾರೋ ಇದ್ದಾರೆ’ ಅನ್ನುವುದಂತೂ ಖಂಡಿತ ಗೊತ್ತಾಗುತ್ತದೆ. ಡಾಲಿ ಕಟ್ಟಿದವರು ಹುಡುಕಾಟವನ್ನೆಲ್ಲ ನಿಲ್ಲಿಸಿರುವುದು ಈ ಒಂದೇ ಸಂಗತಿಯ ಮೇಲೆ.

ಕಂಟ್ರೋಲರ್ ಮೊದಲು ಎಲ್ಲರಿಗೂ ಹೇಳುತ್ತದೆ, ‘ಅಡ್ರೆಸ್ ಕೆಲಸ ಶುರು, ಒಂದೊಂದು ಲಾಟರಿ ನಂಬರ್ ತೆಗೆದುಕೊಳ್ಳಿ’ ಅಂತ. ಪ್ರತಿ ಡ್ರೈವರ್ ತನ್ನಷ್ಟಕ್ಕೆ 24 ಬಿಟ್‌ನ ಒಂದು ನಂಬರ್ ಆರಿಸಿಕೊಳ್ಳುತ್ತದೆ. 1,67,77,216 ನಂಬರ್‌ಗಳಲ್ಲಿ ಯಾವುದೋ ಒಂದು. ಆಮೇಲೆ ಕಂಟ್ರೋಲರ್ ಕೇಳುತ್ತದೆ: ನಿಮ್ಮಲ್ಲಿ ಯಾರದ್ದಾದರೂ ನಂಬರ್ ಸುಮಾರು 84 ಲಕ್ಷ ಅಥವಾ ಅದಕ್ಕಿಂತ ಕಮ್ಮಿ ಇದೆಯಾ? ಇದ್ದವರೆಲ್ಲ ‘ಹೂಂ’ ಅನ್ನುತ್ತಾರೆ. ಇಪ್ಪತ್ತು ಜನ ಒಟ್ಟಿಗೆ ಹೂಂ ಅಂದರೂ ಅದು ಒಂದು ಹೂಂ. ಹಾಗಾದರೆ 42 ಲಕ್ಷದೊಳಗೆ? ಹೂಂ. 21 ಲಕ್ಷದೊಳಗೆ? ಸದ್ದಿಲ್ಲ. ಸರಿ, 21ಕ್ಕೂ 42ಕ್ಕೂ ನಡುವೆ, 31 ಲಕ್ಷದೊಳಗೆ? ಹೀಗೆ ಪ್ರತಿ ಸಲ ಅರ್ಧ ಮಾಡುತ್ತಾ ಹೋದರೆ 24 ಪ್ರಶ್ನೆಯಲ್ಲಿ ಎಲ್ಲರಿಗಿಂತ ಸಣ್ಣ ನಂಬರ್ ಯಾವುದು ಅಂತ ಪಕ್ಕಾ ಸಿಗುತ್ತದೆ. ‘ಈ ನಂಬರಿನವನೇ, ನಿನ್ನ ಅಡ್ರೆಸ್ 0. ಇನ್ನು ಸುಮ್ನೆ ಇರು’ ಅಂತ ಅವನನ್ನು ಬದಿಗೆ ಕೂರಿಸುತ್ತದೆ. ಉಳಿದವರಲ್ಲಿ ಮತ್ತೆ ಸಣ್ಣವನ ಹುಡುಕಾಟ. ಅವನಿಗೆ 1. ಒಂದು ಲೈನ್‌ಗೆ 64 ದೀಪ, 0ರಿಂದ 63ರವರೆಗೆ ನಂಬರ್. ಲೈನ್‌ನ ವೇಗ ಸೆಕೆಂಡಿಗೆ 1200 ಬಿಟ್ ಅಷ್ಟೇ, ಆದರೂ ಒಂದು ದೀಪಕ್ಕೆ ಕೆಲವೇ ಸೆಕೆಂಡ್ ಸಾಕು. ಈ ಕೆಲಸಕ್ಕೆ ತೆರೆದ ಬಾಗಿಲು 15 ನಿಮಿಷಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತದೆ.

ಇಬ್ಬರು ಒಂದೇ ಲಾಟರಿ ನಂಬರ್ ತೆಗೆದರೆ? ಆಗಬಹುದು. 64 ದೀಪ ತುಂಬಿದ ಲೈನ್‌ನಲ್ಲೂ ಸುಮಾರು ಎಂಟು ಸಾವಿರಕ್ಕೆ ಒಂದು ಸಲ. ಆಗ ಎರಡು ದೀಪ ಜೋಡಿ ಎತ್ತಿನ ಹಾಗೆ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತವೆ.

ಈಗ ನಿಮ್ಮ ಪ್ಯಾಂಟ್ರಿ ದೀಪಕ್ಕೆ ಬರೋಣ. ಮೇಲಿನ ಹುಡುಕಾಟದಲ್ಲಿ ಯಾರಿಗೆ 0, ಯಾರಿಗೆ 1 ಅನ್ನುವುದು ಲಾಟರಿ. ಕೇಬಲ್ ಎಳೆದ ಸಾಲಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಟೆಕ್ನಿಷಿಯನ್ ‘ಅಡ್ರೆಸ್ ಇಲ್ಲದವಕ್ಕೆ ಮಾತ್ರ’ ಅನ್ನುವ ಆಯ್ಕೆ ಬಿಟ್ಟು ‘ಎಲ್ಲಕ್ಕೂ’ ಅನ್ನುವುದನ್ನು ಒತ್ತಿದ್ದಾರೆ. ಎಲ್ಲ ದೀಪಗಳೂ ಹೊಸ ಲಾಟರಿ ತೆಗೆದವು. 5 ಅಂದರೆ ಮೀಟಿಂಗ್ ರೂಂ ಅಂತ ಕಂಟ್ರೋಲರ್‌ನ ಪಟ್ಟಿಯಲ್ಲಿದೆ. ಆ 5 ಈಗ ಪ್ಯಾಂಟ್ರಿಯಲ್ಲಿ ಕೂತಿದೆ. ಡಾಲಿಯಲ್ಲಿ ಎರಡೂ ಆಯ್ಕೆ ಇವೆ. ಅಡ್ರೆಸ್ ಇಲ್ಲದವರನ್ನು ಮಾತ್ರ ಕರೆದಿದ್ದರೆ ಮೂರೇ ಮೂರು ಹೊಸ ಡ್ರೈವರ್‌ಗಳು ಖಾಲಿ ಇದ್ದ ಮೂರು ನಂಬರ್‌ಗೆ ಬಂದು ಕೂರುತ್ತಿದ್ದವು, ಉಳಿದ ಯಾವುದೂ ಅಲುಗುತ್ತಿರಲಿಲ್ಲ.

ಇನ್ನು ಉಳಿದಿರುವುದು ನಡೆಯುವ ಕೆಲಸ. ಒಬ್ಬರು ಲ್ಯಾಪ್‌ಟಾಪ್ ಹಿಡಿದು 0, 1, 2 ಅಂತ ಒಂದೊಂದೇ ದೀಪ ಮಿನುಗಿಸಲಿ. ಇನ್ನೊಬ್ಬರು ಸೀಲಿಂಗ್ ಡ್ರಾಯಿಂಗ್ ಹಿಡಿದು ಕೆಳಗೆ ಓಡಾಡಿ, ಯಾವುದು ಮಿನುಗಿತೋ ಅದರ ಮೇಲೆ ನಂಬರ್ ಬರೆಯಲಿ. ಸಂಜೆ ಆಫೀಸ್ ಖಾಲಿಯಾದ ಮೇಲೆ ಮಾಡಿಸಿ, ಹಗಲು ಮಿನುಗುವುದು ಕಾಣುವುದಿಲ್ಲ. ಹೊಸ ಡ್ರೈವರ್‌ಗಳಿಗೆ ಗ್ರೂಪ್ (ಯಾವ ದೀಪಗಳು ಒಟ್ಟಿಗೆ), ಸೀನ್ (ಮೊದಲೇ ಇಟ್ಟ ಬೆಳಕಿನ ಮಟ್ಟ) ಎರಡನ್ನೂ ಮತ್ತೆ ತುಂಬಬೇಕು. ಡಾಲಿಯಲ್ಲಿ ಅವು ಇರುವುದು ಡ್ರೈವರ್ ಒಳಗೆ, ಹಳೆ ಡ್ರೈವರ್ ಕಸಕ್ಕೆ ಹೋದಾಗ ಅವೂ ಹೋದವು. ಡ್ರಾಯಿಂಗ್‌ನ ಒಂದು ಕಾಪಿಯನ್ನು ಬೆಳ್ಳಂದೂರಿನ ಆಫೀಸಿನವರ ಕೈಗೇ ಕೊಡಿ. ಮುಂದಿನ ಸಲ ಟೆಕ್ನಿಷಿಯನ್ ಬೇರೆಯವರೇ ಬಂದಿರುತ್ತಾರೆ.

ಪ್ರಶ್ನೆ: ಇಂಜಿನಿಯರಿಂಗ್ ಎರಡನೇ ವರ್ಷ. ಬಸವನಗುಡಿಯ ನಮ್ಮ ತಾರಸಿ ತೋಟಕ್ಕೆ ಡಿಎಸ್18ಬಿ20 ಉಷ್ಣತೆ ಸೆನ್ಸರ್ ಮೂರು, ತೇವಾಂಶಕ್ಕೆ ಬಿಎಂಇ280 ಮೂರು ತಂದೆ. ಮೊದಲನೆಯವು ಮೂರೂ ಒಂದೇ ಪಿನ್‌ನಲ್ಲಿ ಕೆಲಸ ಮಾಡುತ್ತವೆ. ಎರಡನೆಯವು ಮೂರು ಸೇರಿಸಿದರೆ ಕೆಡುತ್ತವೆ. ಯಾಕೆ ಅಕ್ಕ?

ಉತ್ತರ: ಎರಡು ಸೆನ್ಸರ್‌ಗಳ ಹುಟ್ಟೇ ಬೇರೆ. ಡಿಎಸ್18ಬಿ20 ಒಂದೊಂದಕ್ಕೂ ಕಾರ್ಖಾನೆಯಲ್ಲೇ 64 ಬಿಟ್‌ನ ಕೋಡ್ ಕೆತ್ತಿರುತ್ತಾರೆ. ಮೊದಲ ಎಂಟು ಬಿಟ್ ಜಾತಿ, ಇದಕ್ಕೆ ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) 28. ಆಮೇಲೆ 48 ಬಿಟ್ ಸೀರಿಯಲ್ ನಂಬರ್, ಕೊನೆಗೆ ಎಂಟು ಬಿಟ್ ಸಿಆರ್‌ಸಿ. ಇಲ್ಲೂ ಮಾತಾಡುವುದು ಅಂದರೆ ತಂತಿಯ ವೋಲ್ಟೇಜನ್ನು ಕೆಳಕ್ಕೆ ಎಳೆಯುವುದು ಮಾತ್ರ. ಮೇಲಕ್ಕೆ ಎತ್ತಿ ಹಿಡಿಯುವುದು ನೀನು ಹಾಕಿರುವ 4.7 ಕಿಲೋಓಮ್ ರೆಸಿಸ್ಟರ್. ಹಾಗಾಗಿ ಡಾಲಿಯ ಹಾಗೇ ಇಲ್ಲೂ ಡಿಕ್ಕಿಯೇ ಸುಳಿವು. ಕಂಟ್ರೋಲರ್ ಕೇಳಿದಾಗ ಎಲ್ಲ ಸೆನ್ಸರ್‌ಗಳೂ ತಮ್ಮ ಕೋಡ್‌ನ ಒಂದು ಬಿಟ್ ಹೇಳುತ್ತವೆ, ಹಿಂದೆಯೇ ಅದೇ ಬಿಟ್ಟನ್ನು ತಿರುಗಿಸಿ ಹೇಳುತ್ತವೆ. ಎರಡು ಸಲವೂ 0 ಕಂಡರೆ ಆ ಜಾಗದಲ್ಲಿ 0 ಇರುವವರೂ ಇದ್ದಾರೆ, 1 ಇರುವವರೂ ಇದ್ದಾರೆ ಅಂತ ಅರ್ಥ. ಎರಡೂ ಸಲ 1 ಕಂಡರೆ ಯಾರೂ ಇಲ್ಲ. ಕಂಟ್ರೋಲರ್ ಒಂದು ದಾರಿ ಆರಿಸುತ್ತದೆ, ಆ ದಾರಿಯವರಲ್ಲದವರು ಸುಮ್ಮನಾಗುತ್ತಾರೆ. 64 ಹೆಜ್ಜೆ ನಡೆದರೆ ಒಬ್ಬ ಸಿಕ್ಕ. ಹಿಂದೆ ಬಂದು ಬಿಟ್ಟ ದಾರಿ ಹಿಡಿದರೆ ಇನ್ನೊಬ್ಬ.

ಕೋಡ್ ಸಿಕ್ಕಿದರೂ ಯಾವುದು ಮಲ್ಲಿಗೆ ಕುಂಡದ್ದು, ಯಾವುದು ಟೊಮೆಟೊ ಕುಂಡದ್ದು ಅಂತ ಅದು ಹೇಳುವುದಿಲ್ಲ. ಒಂದು ಸೆನ್ಸರ್‌ನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೋ. ಪರದೆಯ ಮೇಲೆ ಯಾವ ಕೋಡ್‌ನ ಉಷ್ಣತೆ ಏರುತ್ತದೋ ಅದೇ ಅದು. ಕೇಬಲ್‌ಗೆ ಬಣ್ಣದ ಟೇಪ್ ಸುತ್ತಿ ಬರೆದುಕೋ. ಮಧ್ಯಾಹ್ನದ ಬಿಸಿಲಲ್ಲಿ ಮಾಡಬೇಡ, ಕುಂಡದ ಮಣ್ಣೇ ನಿನ್ನ ಕೈಗಿಂತ ಬಿಸಿ ಇರುತ್ತದೆ.

ಬಿಎಂಇ280 ಇರುವುದು ಐ2ಸಿ ಲೈನ್‌ನಲ್ಲಿ. ಅಲ್ಲಿ ಅಡ್ರೆಸ್ ಏಳೇ ಬಿಟ್, ಅದೂ ಚಿಪ್‌ನ ಮಾಡೆಲ್‌ಗೆ ಕೊಟ್ಟದ್ದು, ಒಂದೊಂದು ಚಿಪ್‌ಗೂ ಅಲ್ಲ. ಈ ಚಿಪ್‌ಗೆ ಇರುವುದು ಹೆಕ್ಸ್ 76 ಅಥವಾ 77. ಒಂದು ಪಿನ್‌ಅನ್ನು ಗ್ರೌಂಡ್‌ಗೆ ಕಟ್ಟಿದರೆ 76, ಸಪ್ಲೈ ವೋಲ್ಟೇಜ್‌ಗೆ ಕಟ್ಟಿದರೆ 77. ಮೂರನೆಯದಕ್ಕೆ ಜಾಗವೇ ಇಲ್ಲ. ಟಿಸಿಎ9548ಎ ಅನ್ನುವ ಮಲ್ಟಿಪ್ಲೆಕ್ಸರ್ ಹಾಕಿದರೆ ಎಂಟು ಬೇರೆ ಬೇರೆ ಕವಲು ಸಿಗುತ್ತದೆ. ಒಂದೊಂದರಲ್ಲಿ ಒಂದೊಂದು ಸೆನ್ಸರ್ ಇಡು. ಇನ್ನೊಂದು ಮಾತು, ಐ2ಸಿಯನ್ನು ತಾರಸಿ ಉದ್ದಕ್ಕೂ ಎಳೆಯಬೇಡ. ಅದು ಬೋರ್ಡ್ ಒಳಗೆ ಓಡಾಡಲು ಮಾಡಿದ್ದು.

ಪ್ರಶ್ನೆ: ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಸಿಸಿಟಿವಿಯ ಒಂದು ಕ್ಯಾಮೆರಾ ಬೆಳಗ್ಗೆ ಸರಿ ಇರುತ್ತದೆ, ಹುಡುಗರು ಕೆಲಸಕ್ಕೆ ಬಂದ ಮೇಲೆ ಮಾಯವಾಗುತ್ತದೆ. ಹುಡುಗರೇ ಏನಾದರೂ ಮಾಡುತ್ತಾರಾ?

ಉತ್ತರ: ಪಾಪದ ಹುಡುಗರನ್ನು ಬೈಯಬೇಡಿ. ಅವರ ಮೊಬೈಲ್‌ಗಳು ಕಾರಣ ಇರಬಹುದು, ಅವರಿಗೆ ಗೊತ್ತಿಲ್ಲದೆ. ಮೊಬೈಲ್ ವೈಫೈಗೆ ಸೇರಿದಾಗ ‘ನನಗೊಂದು ಅಡ್ರೆಸ್ ಬೇಕು’ ಅಂತ ಇಡೀ ನೆಟ್‌ವರ್ಕ್‌ಗೆ ಕೂಗುತ್ತದೆ. ರೂಟರ್ ತನ್ನ ಬಳಿ ಇರುವ ಖಾಲಿ ನಂಬರ್ ಒಂದನ್ನು ಕೊಡುತ್ತದೆ. ಆದರೆ ನಿಮ್ಮ ಕ್ಯಾಮೆರಾಗೆ ಹಾಕಿದವರು ಕೈಯಲ್ಲೇ ಒಂದು ನಂಬರ್ ಕೊಟ್ಟು ಹೋಗಿರುತ್ತಾರೆ, 192.168.1.105 ಅಂತ ಇಟ್ಟುಕೊಳ್ಳಿ. ಅದನ್ನು ರೂಟರ್‌ಗೆ ಯಾರೂ ಹೇಳಿಲ್ಲ. 105 ಖಾಲಿ ಅಂದುಕೊಂಡು ಅದು ಒಂದು ಮೊಬೈಲ್‌ಗೆ ಅದನ್ನೇ ಕೊಟ್ಟಿತು. ಇಬ್ಬರಿಗೂ ಒಂದೇ ಐಪಿ ಅಡ್ರೆಸ್, ಹಾಗಾಗಿ ಕ್ಯಾಮೆರಾ ಮಾಯ.

ರೂಟರ್‌ನಲ್ಲಿ ಡಿಎಚ್‌ಸಿಪಿ (ಅಡ್ರೆಸ್ ತಾನಾಗಿ ಹಂಚುವ ವ್ಯವಸ್ಥೆ) ಹಂಚುವ ವ್ಯಾಪ್ತಿ ನೋಡಿ. ಅದು 100ರಿಂದ 199 ಇದ್ದರೆ ಕ್ಯಾಮೆರಾಗಳಿಗೆ 20, 21, 22 ಹೀಗೆ ಆಚೆಯ ನಂಬರ್ ಕೊಡಿಸಿ. ರೆಕಾರ್ಡರ್‌ನ (ಡಿವಿಆರ್) ಪಟ್ಟಿಯಲ್ಲೂ ಬದಲಿಸಬೇಕು, ಮರೆಯಬೇಡಿ. ಹಾಗೆ ಮಾಡಿದ ಮೇಲೂ ಮಾಯವಾದರೆ ಆಗ ಕೇಬಲ್ ನೋಡೋಣ.

ಪ್ರಶ್ನೆ: 485ರಲ್ಲಿ ಎ, ಬಿ ಅದಲುಬದಲಾದರೆ ಸಾಧನ ಸುಡುತ್ತದಾ? — ರಾಜಾಜಿನಗರ

ಉತ್ತರ: ಸುಡುವುದಿಲ್ಲ, ಮಾತಾಡುವುದಿಲ್ಲ ಅಷ್ಟೇ. ಒಂದು ಕಂಪನಿಯ ಎ ಇನ್ನೊಂದು ಕಂಪನಿಯ ಬಿ ಆಗಿರುವುದು ಮಾಮೂಲು. ಅದಲುಬದಲು ಮಾಡಿ ನೋಡಿ. 230 ವೋಲ್ಟ್ ತಂತಿ ತಪ್ಪಿ ಅಲ್ಲಿಗೆ ಬಂದರೆ ಮಾತ್ರ ಸುಡುತ್ತದೆ, ಅದರ ವಾಸನೆ ಮಹಡಿಗೆಲ್ಲ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಫ್ಯಾಕ್ಟರಿಯ ಸಿಸ್ಟಂನಲ್ಲಿ ಕಮ್ಯುನಿಕೇಷನ್ ಫೇಲ್ ಅಂತ ಬರುತ್ತಿದೆ. ಪರಿಹಾರ ತಿಳಿಸಿ. — ಯಲಹಂಕ

ಉತ್ತರ: ಸರ್, ಇಷ್ಟು ಬರೆದರೆ ನಾನು ಹೇಳುವುದಾದರೂ ಏನು? ಒಂದೇ ಸಾಧನ ಫೇಲ್ ಆಗುತ್ತದಾ, ಎಲ್ಲವೂ ಆಗುತ್ತವಾ? ಒಂದು ಜಾಗದಿಂದ ಆಚೆಗಿನವು ಮಾತ್ರಾ? ಮೋಟಾರ್ ಓಡುವಾಗ ಮಾತ್ರಾ? ಎಷ್ಟು ಸಾಧನ ಇವೆ, ಕೇಬಲ್ ಎಷ್ಟು ಉದ್ದ, ಬಾಡ್ ರೇಟ್ ಎಷ್ಟು, ಲೈನ್‌ನ ಎರಡು ತುದಿಯಲ್ಲಿ 120 ಓಮ್ ರೆಸಿಸ್ಟರ್ ಇದೆಯಾ? ಪವರ್ ಆಫ್ ಮಾಡಿ ಎ, ಬಿ ಮಧ್ಯೆ ಮಲ್ಟಿಮೀಟರ್ ಹಿಡಿಯಿರಿ. ಸುಮಾರು 60 ಓಮ್ ತೋರಿಸಿದರೆ ಎರಡೂ ರೆಸಿಸ್ಟರ್ ಇವೆ. 120 ತೋರಿಸಿದರೆ ಒಂದೇ ಇದೆ, ಅಥವಾ ಮಧ್ಯೆ ಎಲ್ಲೋ ತಂತಿ ಕಡಿದಿದೆ. ಆ ರೀಡಿಂಗನ್ನೂ ಪ್ಯಾನೆಲ್ ಒಳಗಿನ ಒಂದು ಫೋಟೋವನ್ನೂ ಕಳಿಸಿ, ಮುಂದಿನ ತಿಂಗಳು ನೋಡೋಣ.